ಹೆಣ್ಣು ನೋಡಲು ಬಂದ ಮಾಸ್ತರು

“ಕಾಲು ತುಸು ಎಳೀತಾಳ ಅಂದೀರಿ. ತುಸು ಅಂದ್ರ ಎಷ್ಟು? ಎದ್ದು ನಡಿಯವ್ವಾ, ನೋಡಾಮು!”

ಗಂಡಿನ ಸೋದರತ್ತೆ ಜಂಬಮ್ಮನ ಮಾತಿಗೆ ಪಡಸಾಲೆಯಲ್ಲಿ ಕೂತವರೆಲ್ಲ ಗುರುಲಿಂಗಮ್ಮನ ಪಾದಗಳತ್ತ ನೋಡಿದರು. ಅವಳು ಸೀರೆಯ ಅಂಚನ್ನು ಕೆಳಗೆಳೆದುಕೊಂಡಳು. ಹಿಂದೆ ಎರಡು ಸಂಬಂಧಗಳು ಮುರಿದದ್ದು ಈ ನಡಿಗೆಯಿಂದಲೇ...

“ಅತ್ತಿ, ತಡಿ.” ಗಂಡು, ಲಿಂಗಸುಗೂರಿನ ಮಾಸ್ತರ ಅಮರಗುಂಡಪ್ಪ, ನಡುವೆ ಬಾಯಿ ಹಾಕಿ ಗುರುಲಿಂಗಮ್ಮನತ್ತ ತಿರುಗಿದ. “ನೀವೂ ಕನ್ನಡ ಟೀಚರ್ ಅಂತಲ್ರಿ. ‘ನೀರು ಕುಡಿದೆ’ ಅಂತೀವಿ. ‘ತಂಗಿ ಕರೆದೆ’ ಅನ್ನಂಗಿಲ್ಲ, ‘ತಂಗಿಯನ್ನು ಕರೆದೆ’ ಅನ್ಬೇಕು. ಎರಡೂ ಕರ್ಮಪದಾನ. ಯಾಕ್ರೀ ಈ ಫರಕು?”

ಕಾಲಿನ ಪರೀಕ್ಷೆ ಸಾಲದೆಂದು ಇದೊಂದು! ಅವಳ ಕಿವಿ ಬಿಸಿಯಾಯಿತು.

“ಜೀವ ಇಲ್ಲದ್ದಕ್ಕ ಪ್ರತ್ಯಯ ಬಿಟ್ಟರೂ ನಡೀತದ್ರಿ. ಮನುಷ್ಯಾರಿಗೆ ಬಿಡಾಕ ಬರಂಗಿಲ್ಲ. ಆದ್ರ ನೀವು ಪ್ರತ್ಯಯ ಬಿಟ್ಟು ‘ಹೆಣ್ಣು ನೋಡಾಕ’ ಬಂದೀರಿ... ಸಂತ್ಯಾಗ ಎತ್ತು ನೋಡಿದಂಗ!”

“ಅಯ್ ಶಿವನ! ಕಾಲಿಗಿಂತ ನಾಲಗಿ ಜೋರೈತಲ್ಲ!”

ಜಂಬಮ್ಮನ ಹಿಂದೆಯೇ ಬಂದವರೆಲ್ಲ ಉಪ್ಪಿಟ್ಟು ಮುಟ್ಟದೆ ಎದ್ದರು. ಅಪ್ಪ ಕರಿಬಸಪ್ಪ ತಟ್ಟೆಗಳನ್ನು ತಾವೇ ಒಳಗೊಯ್ದರು.

“ಅಪ್ಪಾ, ಬೈಯಿ ನನಗ...”

“ಬೈದು ಏನ್ ಮಾಡ್ಲಿ, ತಾಯಿ?”

ಆ ಮೆತ್ತನೆಯ ಮಾತಿಗೆ ಅವಳು ಕುಗ್ಗಿಹೋದಳು. ಬೈದಿದ್ದರೇ ಚೆನ್ನಾಗಿತ್ತು!

ಸೋಮವಾರ ಬಳಗಾನೂರಿನ ಅವಳ ಶಾಲೆಯ ಬಾಗಿಲಲ್ಲಿ ಅಮರಗುಂಡಪ್ಪ ನಿಂತಿದ್ದ.

“ಮಾಫ್ ಮಾಡ್ರಿ. ನೀವು ಸೀರಿ ಅಂಚು ಎಳಕೊಂಡದ್ದು ಕಂಡೆ. ಅತ್ತಿ ಬಾಯಿ ಮುಚ್ಚಿಸಬೇಕಂತ, ಹಿಂದಿನ ದಿನ ಮಾಡಿದ ಪಾಠಾನ ಕೇಳಿಬಿಟ್ಟೆ. ನನಗ ಬ್ಯಾರೆ ಏನೂ ಹೊಳೀಲಿಲ್ಲ.”

ತನ್ನನ್ನು ಕಾಯಲು ಬಂದವನನ್ನೇ ಎಲ್ಲರೆದುರು ದನದ ಗಿರಾಕಿ ಮಾಡಿದ್ದೆನೇ? ಅವಳು ಮುಖವೆತ್ತಲಾರದೆ ಹೋದಳು.

“ನಾನ ತಪ್ಪು ಮಾಡಿದೆ... ನಿಮ್ಮ ಮಾರಿ ನೋಡಾಕೂ ಆಗವಲ್ದು.”

“ಖರೇನ ಅಂದ್ರಿ ಬಿಡ್ರಿ. ನಮ್ಮತ್ತಿ ಇನ್ನೂ ಬೈಯಾಕತ್ತಾಳ. ನಡುನಡುಕ ನಗತಾಳ!”

ಅವಳಿಗೂ ನಗು ಬಂತು, ಕಣ್ಣೀರಿನ ಜೊತೆಗೇ.

“ಬಸ್ಸಿನ ತನಕ ಬರ್ತೀರೇನ್ರಿ?” ಅವನು ಕೇಳಿದ.

ಊರ ನಡುವಿನ ದಾರಿ. ಜನ ನೋಡುತ್ತಾರೆ. ಅವನೂ ನೋಡುತ್ತಾನೆ... ಒಂದು ಕ್ಷಣ ನಿಂತವಳು ಮೆಟ್ಟಿಲಿಳಿದಳು. ಎಡಗಾಲು ಎಳೆಯಿತು. ಅವನು ತನ್ನ ಹೆಜ್ಜೆ ನಿಧಾನ ಮಾಡಿಕೊಂಡ.

“ನನಗ ನೀವು ಬೇಕ್ರಿ. ನಾಳಿ ನಿಮ್ಮ ಅಪ್ಪಾರ ಹತ್ರ ಬರ್ಲೇನು?”

“ಬರ್ರಿ...” ಅವಳ ದನಿ ಸಣ್ಣಗಾಯಿತು. “ಅತ್ತೇರ್ನೂ ಕರ್ಕೊಂಡು ಬರ್ರಿ.”

“ಅತ್ತಿ ಮತ್ತ ‘ಎದ್ದು ನಡಿ’ ಅಂದ್ರ?”

“ನಡೀತೀನ್ರಿ. ನೀವು ಬಾಜೂಕ ಇರ್ರಿ, ಸಾಕು.”