ಸಾರ್ಡಿನಿಯಾದಿಂದ ಬಂದ ಗೋಧಿಕಾಳು

"ಮೆಸೇಜ್ ಓದಿದೆ."

ಡಬ್ಲಿನ್ ವಿಮಾನ ನಿಲ್ದಾಣದಿಂದ ಹೊರಬಂದ ಅಪರ್ಣಾಗೆ ಶ್ರೀವತ್ಸ ಹೇಳಿದ ಮೊದಲ ಮಾತೇ ಅದು!

ವಿಮಾನ ಇಳಿದ ಕೂಡಲೇ ಅವಳೇ ಕಳಿಸಿದ್ದಳು. 'ನಮ್ಮಿಬ್ಬರದ್ದು ಇಲ್ಲಿಗೆ ಸಾಕು ವತ್ಸ.' ದೂರದ ಗಾಲ್ವೇ ಊರಿನಲ್ಲಿರುವವನು ನಿಧಾನಕ್ಕೆ ಓದಿಕೊಳ್ಳಲಿ, ಅಷ್ಟರಲ್ಲಿ ತಾನು ತನ್ನ ಆಸ್ಪತ್ರೆಯಿರುವ ಲೆಟರ್‌ಕೆನ್ನಿಯ ಬಸ್ಸು ಹತ್ತಿರುತ್ತೇನೆ ಎಂದುಕೊಂಡಿದ್ದಳು. ಇವನು ನೋಡಿದರೆ ಎರಡು ಕಾಫಿ ಹಿಡಿದು ಎದುರಿಗೇ ನಿಂತಿದ್ದಾನೆ...

ಎದೆ ಧಸಕ್ಕೆನ್ನಬೇಕಿತ್ತು. ಏನೂ ಆಗಲಿಲ್ಲ.

ಎಂಟು ತಿಂಗಳಿಂದ ಅವಳಿಗೆ ಏನೂ ಆಗುತ್ತಿರಲಿಲ್ಲ. ಪ್ರತಿ ಭಾನುವಾರ ಫೋನಿನಲ್ಲಿ "ನಿನ್ನ ತಲೆ ಮೇಲೆ ನಾಲ್ಕು ಅಕ್ಷತೆ ಹಾಕಿಬಿಟ್ರೆ ಸಾಕು ಕಣೇ" ಎನ್ನುತ್ತಿದ್ದ ಅಮ್ಮ, ಹಾಕದೆಯೇ ಹೋಗಿಬಿಟ್ಟಿದ್ದರು. ಮೈಸೂರಿಗೆ ಹೋಗಿ ಕಾರ್ಯ ಮುಗಿಸಿ, ಮರಳಿ ಆಸ್ಪತ್ರೆಯ ಡ್ಯೂಟಿಗೆ ಹಾಜರಾದ ಡಾಕ್ಟರಮ್ಮ ಅಪರ್ಣಾ ಒಂದು ಹನಿ ಕಣ್ಣೀರು ಹಾಕಿರಲಿಲ್ಲ. ಯಾರು ಕೇಳಿದರೂ, ಚೆನ್ನಾಗಿದ್ದೇನೆ ಎನ್ನಲು ಐರಿಷ್ ಜನ ಹೇಳುವ 'ಐ ಆಮ್ ಗ್ರ್ಯಾಂಡ್' ಒಂದೇ ಉತ್ತರ. ಏನು ಗ್ರ್ಯಾಂಡೋ, ಆ ದೇವರಿಗೇ ಗೊತ್ತು!

ಅವಳಿಗೊಂದು ಬದಲಾವಣೆ ಬೇಕೆಂದು ಇಟಲಿಯ ಸಾರ್ಡಿನಿಯಾ ದ್ವೀಪಕ್ಕೆ ಇಬ್ಬರಿಗೂ ಟಿಕೆಟ್ ಮಾಡಿದವನು ಇವನೇ. ಇನ್ನೇನು ಹೊರಡಬೇಕು ಎನ್ನುವಾಗ "ಆಫೀಸಲ್ಲಿ ಆಡಿಟ್ ಇದೆ, ನೀನು ಹೋಗಿ ಬಾ" ಎಂದವನೂ ಇವನೇ.

'ಪಾಪ, ಇವನಿಗೂ ನಾನು ಸಾಕಾದೆ...' ಎಂದುಕೊಂಡು ಅವಳು ಒಬ್ಬಳೇ ಹೋಗಿದ್ದಳು.

"ಹೇಗಿತ್ತು?" ಕಾಫಿ ಕೊಡುತ್ತಾ ಕೇಳಿದ.

"ಸಮುದ್ರ ನೀಲಿ ಇತ್ತು. ಮೂರು ಸಾವಿರ ವರ್ಷದ ಕಲ್ಲಿನ ಗೋಪುರ ನೋಡ್ದೆ. ಫೋಟೋ ತೆಗೆದೆ." ರೋಗಿಯ ರಿಪೋರ್ಟ್ ಓದಿದ ಹಾಗೆ ಒಪ್ಪಿಸಿದಳು. "ಒಂದು ಹಳ್ಳೀಲಿ ಮದುವೆ ನಡೀತಿತ್ತು. ಅಜ್ಜಿಯೊಬ್ರು ತಟ್ಟೆ ತುಂಬಾ ಗೋಧಿ, ಅಕ್ಕಿ ತಂದು ಮದುಮಕ್ಕಳ ಮೇಲೆ ಎರಚಿ, ತಟ್ಟೇನ ನೆಲಕ್ಕೆ ಹೊಡೆದು ಒಡೆದೇಬಿಟ್ರು. ಅಲ್ಲಿ ಅದು ಶುಭವಂತೆ. ನಮ್ಮಮ್ಮ ನೋಡಿದ್ರೆ..."

ಅವಳು ಕಾಫಿ ಗುಟುಕರಿಸಿದಳು.

"ಆಡಿಟ್ ಇರ್ಲಿಲ್ಲ ಅಪರ್ಣಾ."

"ಗೊತ್ತು. ನಿಂಗೆ ಬರೋಕೆ ಇಷ್ಟ ಇರ್ಲಿಲ್ಲ."

"ಅಯ್ಯೋ, ಅಲ್ವೇ! ನಂಗೆ ಇಟಲಿ ವೀಸಾನೇ ಸಿಗ್ಲಿಲ್ಲ! ವಾಪಸ್ ಬಂದ್ಮೇಲೂ ಇಲ್ಲಿನ ರೆಸಿಡೆನ್ಸ್ ಕಾರ್ಡು ಮೂರು ತಿಂಗಳು ಉಳಿದಿರ್ಬೇಕಂತೆ. ನಂದು ಎರಡೇ ತಿಂಗಳಿಗೆ ಮುಗೀತಿತ್ತು. ನಾನು ನೋಡೇ ಇರ್ಲಿಲ್ಲ."

ಅವಳು ಅವನನ್ನೇ ದಿಟ್ಟಿಸಿದಳು. ಗಾಲ್ವೇಯ ಮೆಡಿಕಲ್ ಕಂಪನಿಯಲ್ಲಿ ಬೆಳಗಿನಿಂದ ಸಂಜೆವರೆಗೆ ಡಬ್ಬಿಗಳ ಎಕ್ಸ್‌ಪೈರಿ ಡೇಟ್ ಪರೀಕ್ಷಿಸುವುದೇ ಈ ಮಹಾಶಯನ ಕೆಲಸ!

"ಮೊದ್ಲೇ ಹೇಳೋಕೇನಾಗಿತ್ತೋ ನಿಂಗೆ?"

"ಹೇಳಿದ್ರೆ ನೀನೂ ಕ್ಯಾನ್ಸಲ್ ಮಾಡ್ತಿದ್ದೆ. ಅಮ್ಮನ ಕಾರ್ಯ ಮುಗಿಸಿ ಬಂದ್ಮೇಲೆ ಒಂದಿನ ಆದ್ರೂ ರಜ ತಗೊಂಡಿದ್ಯಾ?" ಅವನು ಒಂದು ಹೆಜ್ಜೆ ಹತ್ತಿರ ಬಂದ. "ನೀನು ನಗ್ದೇ ಇದ್ರೂ, ಅಳ್ದೇ ಇದ್ರೂ ಪರ್ವಾಗಿಲ್ಲ. ನಂಗೆ ನೀನು ಬೇಕು, ಅಷ್ಟೇ!"

ಅವಳು ತಲೆ ತಗ್ಗಿಸಿದಳು. ಜಾಕೆಟ್ಟಿನ ಹಿಂದಿನ ಟೋಪಿಯೊಳಗೆ ಅವನಿಗೆ ಏನೋ ಕಂಡಿತು. ಕೈ ಹಾಕಿದರೆ, ಎರಡು ಗೋಧಿಕಾಳು, ಎರಡು ಅಕ್ಕಿಕಾಳು.

"ಇದೇನಿದು?"

"ಆ ಅಜ್ಜಿ ಎರಚಿದ್ದಿರ್ಬೇಕು... ಮದುಮಗಳ ಹಿಂದೇನೇ ನಿಂತಿದ್ದೆ."

"ಹಾಗಾದ್ರೆ ನಿಂಗೂ ಅಕ್ಷತೆ ಬಿತ್ತು."

ನಾಲ್ಕು ಅಕ್ಷತೆ...

ಎಂಟು ತಿಂಗಳು ಬಾರದ ಅಳು ಒಮ್ಮೆಲೇ ಬಂತು. ಓಡಾಡುತ್ತಿದ್ದ ಜನರ ನಡುವೆ, ಅವನ ಹೆಗಲಿಗೆ ಮುಖ ಒತ್ತಿ, "ಅಮ್ಮಾ..." ಎಂದು ಬಿಕ್ಕಿದಳು. ಅವನು ಬೆನ್ನು ಸವರುತ್ತಾ ನಿಂತ.

ತುಂಬಾ ಹೊತ್ತಾದ ಮೇಲೆ ಮೂಗೊರೆಸಿಕೊಂಡು, ಅವನ ಅಂಗೈಯಿಂದ ಎರಡು ಕಾಳು ಎತ್ತಿಕೊಂಡಳು.

"ತಲೆ ಬಗ್ಗಿಸೋ."

"ಇಲ್ಲೇನಾ? ಎಲ್ರೂ ನೋಡ್ತಾರೆ ಕಣೇ!"

"ನೋಡ್ಲಿ."

ಅವನು ಬಗ್ಗಿದ. ಅವಳು ಹಾಕಿದಳು. ಉಳಿದೆರಡನ್ನು ಅವನು ಅವಳ ತಲೆಗೆ ಹಾಕಿದ.

"ಮತ್ತೆ... ಆ ಮೆಸೇಜು?"

"ಡಿಲೀಟ್ ಮಾಡ್ತೀನಿ. ಹೊಸ ಕಾರ್ಡ್ ಬಂತಾ?"

"ನಿನ್ನೆ ಬಂತು."

"ಕೊಡು ಇಲ್ಲಿ." ಕೈ ಚಾಚಿದಳು. "ಇನ್ಮೇಲೆ ಆ ತಾರೀಕು ನೋಡ್ಕೊಳ್ಳೋದು ನನ್ನ ಕೆಲ್ಸ."