ಸ್ಟಿಯರಿಂಗ್ ಮೇಲಿನ ಕೆಂಪು ಬಟ್ಟೆ

ರಾತ್ರಿ ಒಂದೂವರೆಗೆ ಶೆಡ್ಡಿನ ಕಡೆಯಿಂದ ‘ಟಕ್’ ಎಂಬ ಸದ್ದು. ಒಂದೇ ಸಲ.

“ಇಲಿ ಇರ್ಬೇಕು, ಮಲಗು,” ಎಂದ ನನ್ನ ಗಂಡ, ಕಣ್ಣು ತೆರೆಯದೆ.

ನಾನು ಎದ್ದು ಮುಂಬಾಗಿಲ ಚಿಲಕವನ್ನು ಎರಡೆರಡು ಸಲ ಮುಟ್ಟಿ ನೋಡಿ ಮಲಗಿದೆ. ನಿದ್ದೆ ಹತ್ತಲಿಲ್ಲ.

ಆರು ಗಂಟೆಗೆ ಮಾವ ಕೂಗಿದರು. “ಕಳ್ಳತನ ಆಗಿದೆ!”

ಓಡಿದೆವು. ಜೀಪಿನ ಬಾನೆಟ್ ತೆರೆದಿತ್ತು. ನಾಲ್ಕೂ ಚಕ್ರ ಎಳೆಯುವ, ಹೆಚ್ಚುಕಮ್ಮಿ ನನ್ನಷ್ಟೇ ವಯಸ್ಸಿನ ಗಾಡಿ ಅದು. ಬಸ್ ಡಿಪೋದಲ್ಲಿ ಮೂವತ್ತೈದು ವರ್ಷ ಮೆಕ್ಯಾನಿಕ್ ಆಗಿದ್ದ ಮಾವ ಅದನ್ನು ಬೇರೆಯವರ ಕೈಗೆ ಕೊಟ್ಟವರಲ್ಲ. ಅವರ ಅಕ್ಕ, ನಮ್ಮ ದೊಡ್ಡತ್ತೆ, ಬೆಟ್ಟದ ಮೇಲೊಬ್ಬರೇ ಇದ್ದರು. ಇನ್ನು ಮುಂದೆ ನಮ್ಮ ಜೊತೆ ಇರಲು ಪೆಟ್ಟಿಗೆ ಕಟ್ಟಿ ಕಾಯುತ್ತಿದ್ದರು. ಆ ದಾರಿಯನ್ನು ನಮ್ಮ ಕಾರು ಹತ್ತುವುದಿಲ್ಲ. ಹತ್ತು ಗಂಟೆಗೆ ಹೊರಡುವುದೆಂದು ಮಾವ ಮಾತು ಕೊಟ್ಟಿದ್ದರು.

“ರೋಟರ್ ಇಲ್ಲ,” ಎಂದರು ಮಾವ. “ಹೆಬ್ಬೆರಳಷ್ಟು ತುಂಡು. ಅದಿಲ್ದೆ ಪ್ಲಗ್ಗಿಗೆ ಕಿಡಿ ಹೋಗಲ್ಲ. ಹೊಸದು ಬರೋಕೆ ಹತ್ತು ದಿನ ಬೇಕು. ಅಕ್ಕನಿಗೆ ಹೇಳ್ಬಿಡಿ.”

ಅವರ ದನಿಯಲ್ಲಿ ಸಿಟ್ಟೇ ಇರಲಿಲ್ಲ. ಅದು ನನ್ನನ್ನು ಚುಚ್ಚಿತು.

* * *

“ಗುಜರಿಯವನೇ! ಮೂರು ಸಲ ಜೀಪ್ ಕೇಳ್ಕೊಂಡು ಬಂದಿದ್ದ,” ಎಂದ ಗಂಡ.

ಬೀದಿ ಕೊನೆಯ ಗುಜರಿ ಅಂಗಡಿಗೆ ನಾನೇ ಹೋದೆ. ಅವನು ಬಿದ್ದು ಬಿದ್ದು ನಕ್ಕ.

“ಅಕ್ಕಾ, ಇಡೀ ಜೀಪ್ ಕೇಳ್ದೋನು ನಾನು. ಹೆಬ್ಬೆರಳಷ್ಟು ಪ್ಲಾಸ್ಟಿಕ್ ಕದ್ದು ಏನ್ ಮಾಡ್ಲಿ, ಕಿವಿಗೆ ಹಾಕ್ಕೊಳ್ಲಾ? ಪಕ್ಕದಲ್ಲಿ ಜಾಕ್ ಇತ್ತಾ?”

“ಇತ್ತು.”

“ಬ್ಯಾಟರಿ?”

“ಅದೂ ಇದೆ.”

“ಹಾಗಾದ್ರೆ ಕಳ್ಳ ಅಲ್ಲ ಬಿಡಿ, ದಡ್ಡ.”

ಉಳಿದವರು ಅತ್ತೆ. ಅವರು ಜೀಪನ್ನು ಕರೆಯುವುದೇ ‘ಸವತಿ’ ಎಂದು.

“ನೀವೇನಾದ್ರೂ ತೆಗೆದ್ರಾ ಅತ್ತೆ?”

“ಸವತಿಗೆ ಮೂಗು ಎಲ್ಲಿದೆ ಅಂತಾನೇ ನಂಗೊತ್ತಿಲ್ಲ, ಇನ್ನು ಕೊಯ್ಯೋದೆಲ್ಲಿಂದ? ಅದಿರ್ಲಿ, ನಿನ್ನೆ ಸಂಜೆ ಒಗೆದು ತಂತಿ ಮೇಲೆ ಹಾಕಿದ್ದ ನಿಮ್ಮ ಮಾವನ ರಿಪೇರಿ ಕೆಲಸದ ಕೆಂಪು ಬಟ್ಟೆ ಕಾಣ್ತಿಲ್ಲ. ಕಳ್ಳ ಅದನ್ನೂ ಬಿಡ್ಲಿಲ್ಲ ನೋಡು!”

ನಾನು ಸೀದಾ ಶೆಡ್ಡಿಗೆ ಹೋದೆ.

* * *

ಕೆಂಪು ಬಟ್ಟೆ ಸ್ಟಿಯರಿಂಗ್ ಮೇಲೆ ನೇತಾಡುತ್ತಿತ್ತು. ಮುಟ್ಟಿದೆ. ಇನ್ನೂ ಹಸಿ.

ಮಾವ ಸ್ಟೂಲಿನ ಮೇಲೆ ಕೂತು ಶುಭ್ರವಾಗಿದ್ದ ಸ್ಪ್ಯಾನರನ್ನೇ ಒರೆಸುತ್ತಿದ್ದರು. ನಾನು ಬಾಗಿಲು ಮುಂದೆ ಮಾಡಿದೆ.

“ಗಾಡಿಗೆ ಕೈ ಹಾಕೋ ಮೊದಲು ಸ್ಟಿಯರಿಂಗ್‌ಗೆ ಕೆಂಪು ಬಟ್ಟೆ ಕಟ್ಟೋದು ನಿಮ್ಮ ಡಿಪೋ ನಿಯಮ ಅಲ್ವಾ ಮಾವ? ಗೊತ್ತಿಲ್ದೆ ಯಾರೂ ಸ್ಟಾರ್ಟ್ ಮಾಡ್ಬಾರ್ದು ಅಂತ.”

“ಹೂಂ.”

“ಕದಿಯೋಕೆ ಬಂದವನು ತಂತಿ ಮೇಲಿಂದ ಒದ್ದೆ ಬಟ್ಟೆ ತಂದು ಇಲ್ಲಿ ಯಾಕೆ ಹಾಕ್ತಾನೆ? ಮೂವತ್ತೈದು ವರ್ಷದ ಅಭ್ಯಾಸ ಇರೋ ಕೈಯೇ ಹಾಕಿರ್ಬೇಕು.”

ಸ್ಪ್ಯಾನರ್ ನಿಂತಿತು.

“ಹೋದ ವಾರ ಜೀಪಿನ ಎಡಗಡೆಯನ್ನ ಗೇಟಿನ ಕಂಬಕ್ಕೆ ಉಜ್ಜಿದ್ರಿ. ಗೇಟೇ ಮುಂದೆ ಬಂದಿದೆ ಅಂತ ತಮಾಷೆ ಮಾಡಿದ್ರಿ. ಸ್ಪ್ಯಾನರ್ ನಂಬರ್ ಓದೋದು ಬಿಟ್ಟು ಬೆರಳಲ್ಲಿ ಸವರಿ ಆರಿಸ್ತೀರಿ. ಕಣ್ಣು ಮಂಜಾಗಿದೆ, ಎಡಗಣ್ಣಂತೂ ಕಾಣ್ತಾನೇ ಇಲ್ಲ, ಅಲ್ವಾ?”

ಅವರು ಸ್ಪ್ಯಾನರನ್ನು ಕೆಳಗಿಟ್ಟರು.

“ಹೇಳಿದ್ರೆ ನಿನ್ನ ಗಂಡ ನಾಳೇನೇ ಜೀಪ್ ಮಾರಿಸ್ತಾನೆ ಕಣಮ್ಮ. ಹೇಳ್ದೆ ಓಡಿಸಿದ್ರೆ ಅಕ್ಕನ್ನ ಪ್ರಪಾತಕ್ಕೆ ಕರ್ಕೊಂಡು ಹೋದ ಹಾಗೆ. ಗಾಡಿ ಕೆಟ್ಟಿದೆ ಅನ್ನೋದೇ ವಾಸಿ ಅನ್ನಿಸ್ತು.”

ಜೇಬಿನಿಂದ ಕನ್ನಡಕದ ಪೆಟ್ಟಿಗೆ ತೆಗೆದರು. ಒಳಗೆ ರೋಟರ್ ಇತ್ತು.

“ಕೀ ಕೊಡಿ,” ಎಂದೆ. “ಸೋಮವಾರ ಕಣ್ಣಿನ ಡಾಕ್ಟರ್ ಹತ್ರ ಹೋಗೋಣ, ನಾವಿಬ್ಬರೇ. ಕಾರು ಓಡಿಸೋಳು ನಾನು, ಇವತ್ತು ಜೀಪೂ ನಾನೇ ಓಡಿಸ್ತೀನಿ. ನೀವು ಪಕ್ಕ ಕೂತು ಗೇರ್ ಹೇಳಿ.”

“ಬೆಟ್ಟ ಅದು. ಭಯ ಆಗಲ್ವಾ?”

“ಭಯಕ್ಕೆ ಎರಡೆರಡು ಸಲ ಚಿಲಕ ಮುಟ್ಟಿ ನೋಡೋಳು ನಾನು. ಆಗೇ ಆಗತ್ತೆ.”

ಕೈ ಚಾಚಿ ಕಾದೆ. ಕೀ ಬೆಚ್ಚಗಿತ್ತು.

* * *

ಗಂಡನಿಗೆ ‘ರೋಟರ್ ಸಿಕ್ತು’ ಎಂದಷ್ಟೇ ಹೇಳಿ ಹೊರಟೆವು. ಇಡೀ ಏರಿನಲ್ಲಿ ಮಾವ ರಸ್ತೆ ನೋಡಲಿಲ್ಲ. ಎಂಜಿನ್ ಕೇಳಿಸಿಕೊಂಡರು. “ಈಗ ಸಣ್ಣ ಗೇರ್... ಬಿಡ್ಬೇಡ... ಹಾಂ, ಹಾಗೇ.” ನನ್ನ ಅಂಗೈ ಬೆವರಿ ಸ್ಟಿಯರಿಂಗ್ ಜಾರುತ್ತಿತ್ತು.

ದೊಡ್ಡತ್ತೆ ಪೆಟ್ಟಿಗೆಯ ಮೇಲೆಯೇ ಕೂತಿದ್ದರು. ನಾನು ಡ್ರೈವರ್ ಸೀಟಿನಿಂದ ಇಳಿದದ್ದು ಕಂಡು ಹುಬ್ಬೇರಿಸಿದರು.

“ಏನೋ, ಸೊಸೆಯನ್ನ ಡ್ರೈವರ್ ಮಾಡ್ಕೊಂಡ್ಯಾ?”

ಮಾವ ನನ್ನತ್ತ ನೋಡಿದರು.

“ನಾನೇ ಹಟ ಮಾಡಿದೆ ದೊಡ್ಡತ್ತೆ, ಕಲಿಸಿಕೊಡಿ ಅಂತ,” ಎಂದೆ.

ಮಾವ ಬಗ್ಗಿ ಅಕ್ಕನ ಪೆಟ್ಟಿಗೆ ಎತ್ತಿಕೊಂಡರು. ಮನೆಯಲ್ಲಿ ಗಂಡ ಮತ್ತೆ ಮತ್ತೆ ಕೇಳುತ್ತಾನೆ, ಕಳ್ಳ ಯಾರು ಎಂದು. ಕೇಳಲಿ. ಹೇಳಬೇಕು ಅನ್ನಿಸಿದ ದಿನ ಮಾವನೇ ಹೇಳಲಿ. ನಾನಂತೂ ಯಾರಿಗೂ ಹೇಳುವುದಿಲ್ಲ.