ಅವ್ವನ ಹಾಡಿನ ಕೆಳಗಿದ್ದ ಕ್ಲಿಪ್

"ಮೂರು ತಾಸಿನ ಲಗ್ನ ನನಗ್ಯಾಕ್ರಿ? ನಮ್ಮವ್ವನ್ನ ನೋಡಬೇಕು. ಒತ್ತಿದ್ರ ಬರೇ ಚಕ್ರ ತಿರಗತೈತಿ, ಅವ್ವ ಬರೂದ ಇಲ್ಲ."

ಬನಹಟ್ಟಿಯ ಗೂಳಪ್ಪನ ವಿಡಿಯೊ ಅಂಗಡಿಯಲ್ಲಿ ಮೊಬೈಲನ್ನು ಟೇಬಲ್ಲಿಗೆ ಕುಕ್ಕಿದವಳು ದಾನೇಶ್ವರಿ. ಅಲ್ಲಿ ಕೆಲಸಕ್ಕಿದ್ದ ಕಲ್ಮೇಶ ಎಂಟನೇ ತರಗತಿಗೇ ಸಾಲೆ ಬಿಟ್ಟವನು, ಸಿಟ್ಟು ಮೂಗಿನ ತುದಿಯಲ್ಲೇ. ಬೈಯಲು ಬಾಯಿ ತೆರೆದವನು ಅವಳ ಕಣ್ಣು ನೋಡಿ ಮುಚ್ಚಿದ.

ಅವಳ ಅಕ್ಕನ ಲಗ್ನದ ಸುರಗಿಯಲ್ಲಿ, ನಾಲ್ಕು ಮೂಲೆಗೆ ತಂಬಿಗೆ ಇಟ್ಟು ನೂಲು ಸುತ್ತಿ ಮದುಮಗಳಿಗೆ ನೀರು ಹಾಕುವಾಗ ಅವ್ವ ಹಾಡಿದ್ದಳಂತೆ. ಆಕೆ ಈಗಿಲ್ಲ. ಆ ದನಿ ಉಳಿದದ್ದು ಈ ಅಂಗಡಿಯವರು ತೆಗೆದ ಅದೊಂದು ವಿಡಿಯೊದಲ್ಲಿ.

ಕಲ್ಮೇಶ ಮೂಲೆಯ ಹಳೆಯ ಕಂಪ್ಯೂಟರಿನ ಧೂಳು ಒರೆಸಿದ. ಅದನ್ನೇ ಸರ್ವರ್ ಮಾಡುವುದು. ಲಗ್ನವನ್ನು ಅರಿಷಿಣ, ಸುರಗಿ, ಅಕ್ಕಿಕಾಳು ಎಂದು ತುಂಡು ಮಾಡಿ, ಯಾರು ಯಾವುದನ್ನು ಒತ್ತುತ್ತಾರೋ ಅದಷ್ಟೇ ಅವರ ಮೊಬೈಲಿಗೆ ಹೋಗುವಂತೆ. ಫೋನಿನಲ್ಲಿ ನೋಡಿ ಕಲಿತದ್ದು. ಕೈಕೊಟ್ಟಾಗಲೆಲ್ಲ ಕೀಬೋರ್ಡಿಗೆ ಗುದ್ದು ಬೀಳುತ್ತಿತ್ತು.

ದಾನೇಶ್ವರಿ ಮನೆಯ ಮಗ್ಗಕ್ಕೆ ನೂಲು ಸುತ್ತಿಕೊಟ್ಟು, ಕೂದಲಲ್ಲಿ ಎಳೆ ಸಿಕ್ಕಿಸಿಕೊಂಡೇ ಬರುವಳು.

"ಇದು ಏನ್ ಕೇಳಿದ್ರೂ ಕೊಡತೈತೇನು?"

"ಇದ್ದದ್ದು ಕೊಡತೈತಿ. ಕೇಳದಿದ್ರ ಸುಮ್ನ ಕುಂದರತೈತಿ."

"ಥೇಟ್ ನಿನ್ನಂಗ," ಎಂದು ಅವಳು ಓರೆಗಣ್ಣಿನಲ್ಲಿ ನೋಡಿದಳು. ಅವನ ಕಿವಿ ಬಿಸಿಯಾದವು.

ಪರೀಕ್ಷೆಗೆಂದು ಕ್ಯಾಮೆರಾ ಅವಳತ್ತ ತಿರುಗಿಸಿದ. ಅವಳು ವೇಲಿನ ತುದಿ ಕಚ್ಚಿ ನಕ್ಕಳು. "ನಗಬ್ಯಾಡ, ಫೋಕಸ್ ತಪ್ಪತೈತಿ," ಎನ್ನುವಾಗ ಅವನ ದನಿಯೇ ತಪ್ಪಿತ್ತು. ಆ ಕ್ಲಿಪ್ಪಿಗೆ 'ಟೆಸ್ಟ್' ಎಂದು ಹೆಸರಿಟ್ಟು ಪಟ್ಟಿಯಲ್ಲಿ ಸುರಗಿಯ ಕೆಳಗೆ ಇರಿಸಿದ.

ಅವ್ವನ ಹಾಡು ಮೊದಲ ಸಲ ಬಂದಾಗ ದಾನೇಶ್ವರಿ ಪರದೆ ನೋಡಲೇ ಇಲ್ಲ. ಮೊಬೈಲನ್ನು ಕಿವಿಗೊತ್ತಿಕೊಂಡು ಕಣ್ಣು ಮುಚ್ಚಿ ನಿಂತಳು. ಕಲ್ಮೇಶ ಗೋಡೆಯತ್ತ ತಿರುಗಿದ.

ಬೇಸಿಗೆಯಲ್ಲಿ ಅವಳ ಅಪ್ಪ ಅಂದಾನೆಪ್ಪ ವಿಡಿಯೊ ಬುಕ್ ಮಾಡಲು ಬಂದರು. "ಮಗಳ ಲಗ್ನ, ಛಲೋ ತಗೀಬೇಕ ತಮ್ಮಾ. ಹುಡುಗ ಮುಧೋಳದಾಗ ಇಂಜಿನಿಯರ್. ನಿನ್ನಂಗ ಸಾಲಿ ಬಿಟ್ಟಾವ ಅಲ್ಲ." ಅವರಿಗದು ಚೇಷ್ಟೆ. ಕಲ್ಮೇಶನಿಗೆ ನೆತ್ತಿಯವರೆಗೆ ಉರಿ. ಅಪ್ಪನ ಬೆನ್ನ ಹಿಂದಿನಿಂದ ದಾನೇಶ್ವರಿ ಅವನನ್ನೇ ನೋಡುತ್ತಿದ್ದಳು. ಅವನ ಒಂದು ಮಾತು ಸಾಕಿತ್ತು.

"ತಾರೀಕು ಹೇಳ್ರಿ," ಎಂದ, ಹಲ್ಲು ಕಚ್ಚಿ.

ಮರುದಿನ ಅವಳು ಒಬ್ಬಳೇ ಬಂದಳು.

"ನನ್ನ ಏನರ ಕೇಳೂದೈತೇನು?"

"ಏನೂ ಇಲ್ಲ."

"ಹಂಗಾರ ನಾನೂ ಹೇಳಂಗಿಲ್ಲ ಬಿಡು."

ಲಗ್ನದ ವಿಡಿಯೊ ಅವನೇ ತೆಗೆದ. ಅವ್ವನ ಹಾಡೂ ಜೊತೆಗಿರಲಿ ಎಂದು ಅವಳು ಹೇಳಿಕಳಿಸಿದ್ದರಿಂದ ಎಲ್ಲ ಕ್ಲಿಪ್‌ಗಳನ್ನೂ ಒಂದೇ ಲಿಂಕಿನಲ್ಲಿ ಹಾಕಿ ಮುಧೋಳಕ್ಕೆ ಕಳಿಸಿದ. 'ಟೆಸ್ಟ್' ಅಳಿಸಲು ಕೈ ಬರಲಿಲ್ಲ.

ಯಾರು ಏನು ಒತ್ತಿದರೂ ಅಂಗಡಿಯ ಪರದೆಯಲ್ಲಿ ಒಂದು ಸಾಲು ಮೂಡುತ್ತಿತ್ತು. ಮುಧೋಳದ ಮನೆ ಉಂಡು ಮಲಗುವ ಹೊತ್ತಿಗೆ ಸರಿಯಾಗಿ ಬರುವುದು: ಸುರಗಿ, ಅವ್ವನ ಹಾಡಿನದು. ಆಮೇಲೆ ಟೆಸ್ಟ್. ಮತ್ತೆ ಟೆಸ್ಟ್. ಕಲ್ಮೇಶ ಆ ಹೊತ್ತಿಗೆ ಊಟಕ್ಕೆ ಹೋಗುವುದನ್ನೇ ಬಿಟ್ಟ.

ಒಂದು ಭಾನುವಾರ ಅವಳ ನಾದಿನಿಯ ಫೋನ್ ಬಂತು. "ಅಣ್ಣಾರ, ಮನಿಮಂದಿಯೆಲ್ಲಾ ಕುಂತು ಲಗ್ನ ನೋಡಾಕತ್ತೇವಿ. ಈ ಟೆಸ್ಟ್ ಅಂಬೂದು ಏನ್ರಿ? ದಾನೇಶ್ವರಿ ವೈನಿನ್ನ ಕೇಳಿದ್ರ ಮಾತ ಆಡವಲ್ಲರು."

ಕಲ್ಮೇಶ ಕಂಪ್ಯೂಟರಿನತ್ತ ಬಾಗಿದ. "ಏನಿಲ್ರಿ ಅಕ್ಕಾರ. ಖಾಲಿ ಐತಿ," ಎನ್ನುತ್ತಲೇ ಇನ್ನೊಂದು ಕೈಯಿಂದ ಆ ಕ್ಲಿಪ್ ಅಳಿಸಿದ. ಅವನ ಹತ್ತಿರ ಬೇರೆ ಪ್ರತಿ ಇರಲಿಲ್ಲ.

"ಹೌದ್ರಿ, ಒತ್ತಿದ್ರ ಏನೂ ಬರಲಿಲ್ಲ," ಎಂದು ನಾದಿನಿ ನಕ್ಕು ಫೋನಿಟ್ಟಳು.

ಮರುದಿನ ಮಧ್ಯಾಹ್ನ ಸಾಲು ಮೂಡಿತು: ಟೆಸ್ಟ್. ಸರ್ವರ್ 'ಇಲ್ಲ' ಎಂದಿತು. ಮತ್ತೊಮ್ಮೆ ಟೆಸ್ಟ್. ಇಲ್ಲ. ಕಲ್ಮೇಶ ಈ ಸಲ ಕೀಬೋರ್ಡಿಗೆ ಗುದ್ದಲಿಲ್ಲ. ಎರಡೂ ಕೈ ಮಡಿಲಲ್ಲಿ ಇಟ್ಟುಕೊಂಡು ಕೂತ. ಎಷ್ಟೋ ಹೊತ್ತಿನ ಮೇಲೆ ಬಂತು: ಸುರಗಿ. ಅವ್ವನ ಹಾಡು ಮುಧೋಳಕ್ಕೆ ಹೊರಟಿತು.

"ಬಂದ್ ಮಾಡಿ ಉಣ್ಣಾಕ ನಡೀಲೇ," ಎಂದ ಗೂಳಪ್ಪ ಬಾಗಿಲಲ್ಲಿ ನಿಂತು. "ಆ ಕಂಪ್ಯೂಟರ್ ಪೆಟಗಿನೂ ಆರಿಸು."

"ನೀ ನಡಿ ಕಾಕಾ. ಇದು ಇರಲಿ," ಎಂದ ಕಲ್ಮೇಶ. "ಅಕಿ ಇನ್ನೂ ಕೇಳಾಕತ್ತಾಳ."